ಅಂಕಪಟ್ಟಿಗೂ ಬೀಗ ಬೇಕು
ಅಭ್ಯಾಸ ಬೋಧನೆಯ ಪಾಠ ಯೋಜನೆಗಳನ್ನೂ ಎಂಟನೇ ತರಗತಿಯ ಘಟಕ ಪರೀಕ್ಷೆಯ ಅಂಕಪಟ್ಟಿಯನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಮನೆಯ ವೈಫೈಯಲ್ಲಿ ‘ಎವ್ರಿಒನ್’ ಎಂದು ಹಂಚಿದ್ದೆ. ತಮ್ಮನ ಕಂಪ್ಯೂಟರಿನಲ್ಲಿ ಆಟವಾಡಲು ಬಂದ ಪಕ್ಕದ ಮನೆಯ ಹುಡುಗ ಅದೇ ತರಗತಿಯವನು, ಪಟ್ಟಿ ನೋಡಿಬಿಟ್ಟ. ಮರುದಿನ ತರಗತಿಗೆಲ್ಲ ಸುದ್ದಿ. ಮೂರು ಅಂಕ ಪಡೆದಿದ್ದ ಹುಡುಗಿ ಅಂದು ತಲೆ ಎತ್ತಲಿಲ್ಲ. ತಪ್ಪು ಹುಡುಗನದಲ್ಲ, ನನ್ನದು.

ವಿಂಡೋಸ್‌ನಲ್ಲಿ ಹಂಚಿಕೆಯ ಅನುಮತಿ ಬೇರೆ, ಫೈಲಿನ ಅನುಮತಿ ಬೇರೆ. ನೆಟ್‌ವರ್ಕ್ ಮೂಲಕ ಬರುವವರಿಗೆ ಎರಡರಲ್ಲಿ ಬಿಗಿಯಾದದ್ದೇ ಅನ್ವಯಿಸುತ್ತದೆ. ಈಗ ಪಾಠ ಯೋಜನೆಗಳು ತಮ್ಮನ ಖಾತೆಗೆ ಓದಲು ಮಾತ್ರ. ಅಂಕಪಟ್ಟಿ ಹಂಚಿಕೆಯಲ್ಲೇ ಇಲ್ಲ.

ಉತ್ತರ ಪತ್ರಿಕೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಫೋಲ್ಡರಿಗೆ ಬೀಗ ಹಾಕುವುದನ್ನೂ ನಮ್ಮ ಐಸಿಟಿ ಪ್ರಾಯೋಗಿಕ ತರಗತಿಯಲ್ಲಿ ಕಲಿಸಬೇಕು.