ಕೃತಕ ಕೈ ಕೊಟ್ಟರೆ ಸಾಲದು, ಸಾಕ್ಸೂ ಕೊಡಿ

ಕಡೇಚೂರು ಹತ್ತಿರದ ಹಳ್ಳಿಯೊಂದರ ಮನೆಯಲ್ಲಿ ಕೃತಕ ಕೈಯೊಂದು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಶಿಬಿರದಲ್ಲಿ ಕೊಟ್ಟದ್ದು. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದೆವು. "ಹಾಕ್ಕೊಂಡ್ರ ಉರಿತೈತ್ರಿ, ಒಳಗ ಬೆವತು ಗುಳ್ಳಿ ಏಳ್ತಾವ" ಅಂದರು. ಒಳಗೆ ಹಾಕುವ ಸಾಕ್ಸ್ ಎಲ್ಲಿ ಎಂದೆವು. ಕೊಟ್ಟಿದ್ದೇ ಒಂದು, ಅದು ಹರಿದು ಎಷ್ಟೋ ದಿನವಾಗಿತ್ತು.

ಫೋಟೊ ತೆಗೆಸಿಕೊಳ್ಳುವಾಗ ಎಲ್ಲರಿಗೂ ಕಾಣುವುದು ಕೈ. ಆ ಕೈ ದಿನವೂ ಬಳಕೆಯಾಗುವಂತೆ ಮಾಡುವುದು ಒಳಗಿನ ಈ ಬಟ್ಟೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದ್ದರಿಂದ ನಾವು ಮಾತಾಡುತ್ತೇವೆ.

ಕೃತಕ ಕೈಯ ಮೇಲ್ಭಾಗದಲ್ಲಿ ಗಟ್ಟಿಯಾದ ಬಟ್ಟಲಿನಂಥ ಭಾಗ ಇರುತ್ತದೆ. ಉಳಿದ ತೋಳು ಅದರೊಳಗೆ ಕೂಡಬೇಕು. ಚರ್ಮಕ್ಕೂ ಬಟ್ಟಲಿಗೂ ನಡುವೆ ಇರುವುದೇ ಸಾಕ್ಸ್. ಅದು ಬೆವರು ಹೀರುತ್ತದೆ, ಉಜ್ಜುವುದನ್ನು ತಡೆಯುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಬಾವು ಇಳಿದು ತೋಳು ಸಣ್ಣಗಾಗುತ್ತದೆ. ಆಗ ಬಟ್ಟಲು ಸಡಿಲವಾಗುತ್ತದೆ, ದಪ್ಪ ಸಾಕ್ಸ್ ಹಾಕಿ ಸರಿಮಾಡಿಕೊಳ್ಳಬೇಕು. ಈ ದಪ್ಪಕ್ಕೆ ಪ್ಲೈ ಎನ್ನುತ್ತಾರೆ. 1, 3, 5 ಪ್ಲೈ ಹೀಗೆ ಸಿಗುತ್ತವೆ. ಸಾಕ್ಸ್ ಮೇಲೆ ಸಾಕ್ಸ್ ಹಾಕಿದರೂ ಕೈ ಅಲ್ಲಾಡುತ್ತಿದ್ದರೆ ಬಟ್ಟಲನ್ನೇ ಬದಲಿಸಬೇಕು.

ಒಂದೇ ಕೈಯಲ್ಲಿ ಹಾಕಿಕೊಳ್ಳುವುದು ಹೇಗೆ? ಸಾಕ್ಸನ್ನು ತೊಡೆಯ ಮೇಲಿಟ್ಟು, ಬಾಯಿಂದ ತಳದವರೆಗೆ ಸುರುಳಿ ಸುತ್ತಿ. ತಳವನ್ನು ತೋಳಿನ ತುದಿಗೆ ಸರಿಯಾಗಿ ಕೂರಿಸಿ, ನಿಧಾನಕ್ಕೆ ಮೇಲಕ್ಕೆ ಬಿಚ್ಚುತ್ತಾ ಹೋಗಿ. ತುದಿಯಲ್ಲಿ ಗಾಳಿ ಉಳಿಯಬಾರದು, ಎಲ್ಲೂ ಮಡಿಕೆ ಬೀಳಬಾರದು, ಹೊಲಿಗೆ ಗಾಯದ ಕಲೆಯ ಮೇಲೆ ಬರಬಾರದು. ಸಾಕ್ಸಿನ ಮೇಲಂಚು ಬಟ್ಟಲಿನಿಂದ ಸ್ವಲ್ಪ ಹೊರಗೆ ಕಾಣಬೇಕು. ಹೆಗಲಿಗೆ ಪಟ್ಟಿ ಹಾಕುವ ಕೈಯಾದರೆ ಒಳಗೆ ಹತ್ತಿ ಬನಿಯನ್ ಇರಲಿ, ಇಲ್ಲದಿದ್ದರೆ ಕಂಕುಳು ಉಜ್ಜುತ್ತದೆ. ಬ್ಯಾಟರಿ ಕೈಯ ವಿಷಯ ಬೇರೆ. ಅದರ ಒಳಗಿನ ಲೋಹದ ಬಿಂದುಗಳು ಚರ್ಮಕ್ಕೆ ತಾಗಬೇಕು, ಹಾಗಾಗಿ ಕೊಟ್ಟವರನ್ನು ಕೇಳದೆ ಸಾಕ್ಸ್ ಹಾಕಬೇಡಿ.

ಮಕ್ಕಳ ಕಾಲುಚೀಲವನ್ನು ಕತ್ತರಿಸಿ ಹಾಕಿಕೊಳ್ಳಬೇಡಿ. ಅದರ ಹಿಮ್ಮಡಿ ಮಡಚಿ ಚುಚ್ಚುತ್ತದೆ. ನಮ್ಮ ಬಿಸಿಲಿನಲ್ಲಿ ದಿನಕ್ಕೆ ಒಂದು ಸಾಕ್ಸ್ ಸಾಲದು, ಒದ್ದೆಯಾದ ಕೂಡಲೇ ಬದಲಿಸಿ. ಸೌಮ್ಯ ಸೋಪಿನಲ್ಲಿ ಒಗೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಹಿಂಡದೆ ನೆರಳಿನಲ್ಲಿ ಹರಡಿ. ಕೈ ಬಿಚ್ಚಿದ ಮೇಲೆ ಚರ್ಮ ನೋಡಿಕೊಳ್ಳಿ. ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ, ಗುಳ್ಳೆ ಎದ್ದಿದ್ದರೆ ಮತ್ತೆ ಹಾಕದೆ ಡಾಕ್ಟರಿಗೆ ತೋರಿಸಿ.

ಇದು ನಮ್ಮ ಭಾಗಕ್ಕೆ ಯಾಕೆ ಮುಖ್ಯ? ರಾಶಿ ಯಂತ್ರ, ಮೇವು ಕತ್ತರಿಸುವ ಯಂತ್ರ, ಕರೆಂಟಿನ ತಂತಿ ಮೊದಲಿನಿಂದಲೂ ಇವೆ. ಈಗ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಬಂದಿದೆ. ಹೊಲ ಕೊಟ್ಟ ಮನೆಗಳ ಹುಡುಗರು ಯಂತ್ರದ ಮುಂದೆ ನಿಲ್ಲುತ್ತಿದ್ದಾರೆ. ನೌಕರರ ಪರಿಹಾರದ ಕಾನೂನು ಹೋದ ಕೈಯನ್ನು ಅಳೆದು ಲೆಕ್ಕ ಹಾಕುತ್ತದೆ. ಮೊಣಕೈ ತುದಿಯಿಂದ 11.43 ಸೆಂ.ಮೀ. ಕೆಳಗೆ ಕತ್ತರಿಸಿದ್ದರೆ ಶೇ. 60 ನಷ್ಟ, ಅದಕ್ಕಿಂತ ಮೇಲೆ ಹೋದರೆ ಕನಿಷ್ಠ ಶೇ. 70, ಭುಜದ ಕೀಲಿನಲ್ಲೇ ಹೋದರೆ ಶೇ. 90. ಕಾನೂನು ಇಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ. ಉಳಿದ ತೋಳಿಗೆ ನಾಳೆ ಏನು ತೊಡಿಸಬೇಕು ಎಂದು ಯಾರೂ ಕೇಳುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಆದಾಯದ ಮಿತಿಯೊಳಗೆ ಸಾಧನ ಸಿಗುತ್ತದೆ. ಅಂಥ ಶಿಬಿರಗಳಲ್ಲಿ ಪ್ರತಿ ಕೃತಕ ಕೈ ಜೊತೆ ಕನಿಷ್ಠ ಆರು ಸಾಕ್ಸ್ ಕೊಡಬೇಕು. ಹಾಕಿಕೊಳ್ಳುವುದನ್ನು ತೋರಿಸಿ, ಅವರ ಕೈಯಿಂದಲೇ ಹಾಕಿಸಿ ಕಳಿಸಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಮೀಸಲಿಡುವ ಶೇ. 5ರ ಹಣದಲ್ಲಿ ವರ್ಷವರ್ಷ ಹೊಸ ಸಾಕ್ಸ್ ತರಿಸಬಹುದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಒಂದು ದಿನ ಕಲಿಸಿದರೆ ಅವರು ಮನೆಮನೆಗೆ ಹೋಗಿ ಹೇಳಿಕೊಡುತ್ತಾರೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ಕೃತಕ ಅಂಗ ಪಡೆಯುವ ಹಕ್ಕಿದೆ. ಇದನ್ನು ಗುತ್ತಿಗೆ ಕಾರ್ಮಿಕರಿಗೂ ತಿಳಿಸುವುದು ಕಾರ್ಖಾನೆಯವರ ಕೆಲಸ.

ಮುಂದಿನ ಗ್ರಾಮಸಭೆಗೆ ಹೋದಾಗ ಇದೊಂದು ಮಾತು ಎತ್ತಿ. ನಿಮ್ಮ ಓಣಿಯಲ್ಲಿ ಕೃತಕ ಕೈ ಗೂಟಕ್ಕೆ ತೂಗುತ್ತಿದ್ದರೆ, ಹಾಕಿಕೊಳ್ಳದವರನ್ನು ಬೈಯುವ ಮೊದಲು ಒಳಗೆ ಸಾಕ್ಸ್ ಇದೆಯೋ ಇಲ್ಲವೋ ನೋಡಿ.