ಯಂತ್ರ ನಿಂತರೂ ಬಿಲ್ ನಿಲ್ಲದು



ಪೀಣ್ಯದಲ್ಲಿ ನಾಲ್ಕು ಲೇತ್‌ಗಳ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಆರ್ಥಿಕ ಹಿಂಜರಿತ ಬಂದಾಗ ಮೊದಲು ನಿಲ್ಲುವುದು ನಮ್ಮಂಥವರ ಯಂತ್ರಗಳೇ. ಆದರೆ ಮಂಜೂರಾದ ಲೋಡ್ ಮೇಲಿನ ನಿಗದಿತ ವಿದ್ಯುತ್ ಶುಲ್ಕ, ಸಾಲದ ಕಂತು, ಶೆಡ್ ಬಾಡಿಗೆ ನಿಲ್ಲುವುದಿಲ್ಲ. ಬಿಡಿಭಾಗ ಕೊಂಡ ದೊಡ್ಡ ಕಂಪನಿಯೊಂದು ಐದು ತಿಂಗಳಿಂದ ಹಣ ಕೊಟ್ಟಿಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯಂತೆ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ತೆರಬೇಕು. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯ ನಮ್ಮ ಬಾಯಿ ಕಟ್ಟಿದೆ.

ಒಬ್ಬೊಬ್ಬರಿಂದ ಆಗದ್ದು ಸಂಘದಿಂದ ಆಗಬೇಕು. 1949ರಲ್ಲಿ ಹುಟ್ಟಿದ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, 1916ರಿಂದ ಬೆಳೆದುಬಂದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಘ ಎಫ್‌ಕೆಸಿಸಿಐ ಎರಡೂ 2023ರ ವಿದ್ಯುತ್ ದರ ಏರಿಕೆಯನ್ನು ವಿರೋಧಿಸಿದ್ದವು. ಅದೇ ಗಟ್ಟಿ ದನಿ ಬಾಕಿ ವಸೂಲಿಗೂ ಬೇಕು. ಈ ಸಂಘಗಳು ಸದಸ್ಯರಿಗೆ ಬರಬೇಕಾದ ಬಾಕಿಯ ಪಟ್ಟಿಯನ್ನು ಹೆಸರು ಹೊರಗೆಡವದೆ ಒಟ್ಟುಗೂಡಿಸಿ ಸರ್ಕಾರದ ಮುಂದಿಡಲಿ. ತಾಲ್ಲೂಕುಗಳ ಸಣ್ಣ ಕೈಗಾರಿಕಾ ಘಟಕಗಳಿಗೂ ಕಾನೂನು ನೆರವು ಕೊಡಿಸಲಿ.

ಸರ್ಕಾರವೂ ತನ್ನ ಇಲಾಖೆ, ನಿಗಮಗಳ ಬಾಕಿಯನ್ನು ಮೊದಲು ತೀರಿಸಲಿ. ಬೇಡಿಕೆ ಕುಸಿದ ತಿಂಗಳುಗಳ ನಿಗದಿತ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಬಿಡಲಿ. ಬಾಕಿ ವ್ಯಾಜ್ಯಗಳು ಕಾಯ್ದೆ ಹೇಳುವ 90 ದಿನಗಳಲ್ಲೇ ಇತ್ಯರ್ಥವಾಗಲಿ. ಒಂದು ಶೆಡ್‌ಗೆ ಬೀಗ ಬಿದ್ದರೆ ಹತ್ತು ಮನೆಗಳ ಒಲೆ ಆರುತ್ತದೆ.

– ಸಣ್ಣ ಉದ್ಯಮಿ, ಪೀಣ್ಯ, ಬೆಂಗಳೂರು