ಆ ಅರ್ಧ ಎಲ್ಲಿಂದ ಬಂತು?

ವಿಜ್ಞಾನ ಕನ್ನಡಕ್ಕೆ ಒಗ್ಗದೆಂಬ ಮಾತು ನಮ್ಮ ಮನೆಗಳಲ್ಲೇ ಕೇಳಿಬರುತ್ತದೆ. ನಾವಿದನ್ನು ಒಪ್ಪೆವು. ಕೆಪ್ಯಾಸಿಟರಿನ ಶಕ್ತಿ ‘ಹಾಫ್ ಕ್ಯೂ ವಿ’ ಎಂದು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಆ ಅರ್ಧ ಎಲ್ಲಿಂದ ಬಂತೆಂದರೆ ಮೌನ!

ಬಚ್ಚಲಿನ ಡ್ರಮ್ಮನ್ನೇ ತೋರಿಸೋಣ. ನೀರು ವಿದ್ಯುದಂಶವೆಂದುಕೊಂಡರೆ ನೀರಿನ ಮಟ್ಟವೇ ವಿಭವ, ಡ್ರಮ್ಮಿನ ಅಗಲವೇ ಧಾರಕತೆ. ತಳ ಸೇರುವ ಮೊದಲ ತಂಬಿಗೆಗೆ ಎತ್ತರವೇ ಇಲ್ಲ, ಕೊನೆಯದಕ್ಕೆ ಪೂರ್ತಿ ಎತ್ತರ, ಸರಾಸರಿ ಅರ್ಧ.

100 ಮೈಕ್ರೊಫ್ಯಾರಡ್ ಕೆಪ್ಯಾಸಿಟರಿಗೆ 10 ವೋಲ್ಟ್ ಬ್ಯಾಟರಿ ಜೋಡಿಸಿದರೆ, ಬ್ಯಾಟರಿ ಕೊಡುವುದು 10 ಮಿಲಿಜೂಲ್, ಕೂಡಿಟ್ಟದ್ದು 5. ಮಿಕ್ಕದ್ದು ಬಹುಮಟ್ಟಿಗೆ ತಂತಿಯ ಶಾಖವಾಗಿ ಹೋಯಿತು. ಇದರಲ್ಲಿ ಕನ್ನಡಕ್ಕೆ ನಿಲುಕದ್ದೇನಿದೆ?

ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಲಿ, ಅಡ್ಡಿಯಿಲ್ಲ. ಅರ್ಥವನ್ನು ಮನೆಮಾತಿನಲ್ಲಿ ಮುಟ್ಟಿಸುವ ಹೊಣೆ ಹೊರನಾಡಿನ ತಾಯ್ತಂದೆಯರಾದ ನಮ್ಮದೇ.